ಮನೆಮಾತಿಗೆ ಮನೆ ಕಟ್ಟಿದ ಪಾದ್ರಿ: ಫರ್ಡಿನೆಂಡ್ ಕಿಟ್ಟೆಲ್

ಕನ್ನಡ ಶಾಲೆಯ ಮಕ್ಕಳಿರುವ ಮನೆಗಳಲ್ಲಿ ಕಿಟ್ಟೆಲ್ ಎಂಬ ಹೆಸರು ಅಪರಿಚಿತವಲ್ಲ. ನಿಘಂಟು ಎಂದೊಡನೆ ಅವರ ನೆನಪಾಗುತ್ತದೆ. ಪಠ್ಯಪುಸ್ತಕದಲ್ಲಿ ಅವರ ಚಿತ್ರವಿರುತ್ತದೆ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯೂ ಇರುತ್ತದೆ. ಆ ಒಂದು ಅಂಕದ ಆಚೆಗೆ ಅವರ ಬಾಳನ್ನು ನೋಡಿದವರು ನಮ್ಮಲ್ಲಿ ಕಡಿಮೆ. ಅವರು ಭಾಷಾ ವಿದ್ವಾಂಸರಾಗಲೆಂದು ಈ ನಾಡಿಗೆ ಬಂದವರಲ್ಲ. ಕ್ರೈಸ್ತ ಧರ್ಮವನ್ನು ಸಾರಲೆಂದು ಬಂದ ಪಾದ್ರಿ ಅವರು. ದೇವರ ಮಾತನ್ನು ಜನರ ಮನೆಯೊಳಗೆ ಕೊಂಡೊಯ್ಯಬೇಕಾದರೆ ಮೊದಲು ಆ ಮನೆಯ ಮಾತು ತನಗೆ ಬರಬೇಕು ಎಂಬ ಒಂದೇ ವಿಚಾರವು ಅವರನ್ನು ಐವತ್ತು ವರ್ಷಗಳ ಕಾಲ ಎಲ್ಲಿಂದೆಲ್ಲಿಗೋ ಒಯ್ದಿತು. ಸೂಲೂರಿನಲ್ಲಿ ಕುಳಿತು ಅವರ ಬಾಳನ್ನು ಓದುವಾಗ ನಮಗೆ ಮುಖ್ಯವೆನಿಸುವುದು ಈ ಸಂಗತಿಯೇ.

ನಮ್ಮ ಸೀಮೆಯ ಸ್ಥಿತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಯಮತ್ತೂರು ಸೀಮೆಯು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ದೇವಾಂಗ, ಒಕ್ಕಲಿಗ ಮೊದಲಾದ ಮನೆತನಗಳು ತಲೆಮಾರುಗಳಿಂದ ಇಲ್ಲಿ ಕನ್ನಡವನ್ನು ಮನೆಯಲ್ಲಿ ಉಳಿಸಿಕೊಂಡು ಬಂದಿವೆ. ಅವರ ಮನೆಯಲ್ಲಿ ಅಜ್ಜಿಯ ಬೈಗುಳ ಕನ್ನಡ, ಮಗ್ಗದ ಮುಂದಿನ ಮಾತು ಕನ್ನಡ. ಅಕ್ಷರ ಮಾತ್ರ ತಮಿಳು. ವಾಯುಪಡೆಯ ನೆಲೆಗೂ ಗಿರಣಿ ಕಾರ್ಖಾನೆಗಳಿಗೂ ಕೆಲಸಕ್ಕೆಂದು ಕರ್ನಾಟಕದಿಂದ ಬಂದ ಕುಟುಂಬಗಳ ಕಥೆ ಬೇರೆ. ಅವರಿಗೆ ಅಕ್ಷರ ಗೊತ್ತು, ಮಕ್ಕಳಿಗೆ ಅದನ್ನು ದಾಟಿಸುವ ಎಡೆಯಿಲ್ಲ. ಇವರಲ್ಲಿ ಕ್ರೈಸ್ತ ಮನೆಗಳವರಿಗೆ ಇನ್ನೂ ಒಂದು ತೊಡಕು. ಭಾನುವಾರದ ಆರಾಧನೆ ತಮಿಳಿನಲ್ಲಿ, ಶಾಲೆಯ ಪಾಠ ಇನ್ನೊಂದು ಭಾಷೆಯಲ್ಲಿ. ರಾತ್ರಿ ಊಟಕ್ಕೆ ಮುನ್ನ ಮನೆಯವರೆಲ್ಲ ಕುಳಿತು ಮಾಡುವ ಪ್ರಾರ್ಥನೆ ಯಾವ ಭಾಷೆಯಲ್ಲಿ? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ತಾಯಿ ಮಗುವಿಗೆ ಯಾವ ನುಡಿಯಲ್ಲಿ ದೇವರನ್ನು ತೋರಿಸುತ್ತಾಳೋ ಆ ನುಡಿಯನ್ನು ಮಗು ಸುಲಭವಾಗಿ ಬಿಡುವುದಿಲ್ಲ ಎಂಬುದನ್ನು ತರಗತಿಯಲ್ಲಿ ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಕಿಟ್ಟೆಲ್ಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯುವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಕಡಲತಡಿಯ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗಾಟ್‌ಫ್ರೀಡ್ ಕಿಟ್ಟೆಲ್ ಅಲ್ಲಿನ ಪಾದ್ರಿ. ಹಾಲೆಂಡ್ ದೇಶಕ್ಕೆ ಅಂಟಿಕೊಂಡಿರುವ ಆ ಸೀಮೆಯೂ ಒಂದು ಗಡಿನಾಡೇ. ಅಲ್ಲಿನ ರೈತರು, ಮೀನುಗಾರರು ಮನೆಯಲ್ಲಿ ಆಡುತ್ತಿದ್ದುದು ಕೆಳ ಜರ್ಮನ್ ಎಂದು ಕರೆಯಲಾಗುವ ಆಡುನುಡಿ. ಶಾಲೆಯ ಪಾಠ, ದೇವಾಲಯದ ಉಪದೇಶ, ಸರ್ಕಾರದ ಕಾಗದಪತ್ರ ಎಲ್ಲವೂ ಗ್ರಂಥಸ್ಥವಾದ ಮೇಲ್ ಜರ್ಮನ್. ಮನೆಯ ಮಾತಿಗೂ ಪೀಠದ ಮಾತಿಗೂ ನಡುವೆ ಒಂದು ಹೊಸ್ತಿಲಿರುತ್ತದೆ ಎಂಬ ಅನುಭವವಿಲ್ಲದೆ ಅಂಥ ನಾಡಿನಲ್ಲಿ ಯಾರೂ ಬೆಳೆಯುವುದಿಲ್ಲ. ಕಿಟ್ಟೆಲ್ಲರ ಮುಂದಿನ ಬಾಳಿಗೆ ಇದೇ ಕಾರಣವಾಯಿತೆಂದು ಹೇಳುವುದು ಅತಿಯಾದೀತು. ಆದರೂ ಸೂಲೂರಿನ ಓದುಗರು ಇದನ್ನು ಗಮನಿಸದೆ ಮುಂದೆ ಹೋಗಲಾರರು.

ಬಾಲಕನಿಗೆ ಭಾಷೆಗಳು ಬೇಗ ಒಲಿದವು. ಗ್ರೀಕ್, ಲ್ಯಾಟಿನ್, ಹೀಬ್ರೂ ಕಲಿಕೆ ಮುಗಿಸಿ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಪಾಠಶಾಲೆಯನ್ನು ಸೇರಿದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು ಕನ್ನಡ ನಾಡಿನಲ್ಲಿ ಕೆಲಸ ಆರಂಭಿಸಿದ್ದರು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದರು. ಇಪ್ಪತ್ತೊಂದು ವರ್ಷದ ಕಿಟ್ಟೆಲ್ ಮಂಗಳೂರಿಗೆ ಬಂದದ್ದು 1853ರಲ್ಲಿ. ಅಲ್ಲಿಂದ ಮುಂದೆ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಅವರ ನೆಲೆ ಬದಲಾಗುತ್ತಲೇ ಇತ್ತು.

ಬಂದ ಕೆಲವೇ ವರ್ಷಗಳಲ್ಲಿ ಈ ತರುಣ ಪಾದ್ರಿ ಮಿಶನ್ನಿನ ಹಿರಿಯರಿಗೆ ತಲೆನೋವಾದರು. ದೊರೆಗಳಂತೆ ಬಂಗಲೆಯಲ್ಲಿ ಇದ್ದುಕೊಂಡು ಜನರಿಗೆ ಉಪದೇಶ ಮಾಡುವುದು ಅವರಿಗೆ ಸರಿಬೀಳಲಿಲ್ಲ. ಈ ನಾಡಿನವರ ನಡುವೆ, ಅವರಂತೆಯೇ ಬದುಕಬೇಕು. ಅವರ ಗ್ರಂಥಗಳನ್ನು ಓದಬೇಕು. ಅವರು ಹೇಗೆ ಯೋಚಿಸುತ್ತಾರೆ ಎಂಬುದನ್ನು ಒಳಗಿನಿಂದ ಅರಿಯಬೇಕು ಎಂಬುದು ಅವರ ಹಂಬಲ. ಬಾಸೆಲ್‌ನಲ್ಲಿದ್ದ ಸಮಿತಿಗೆ, ವಿಶೇಷವಾಗಿ ಆಗಿನ ಮುಖ್ಯಸ್ಥರಾಗಿದ್ದ ಯೋಸೆನ್‌ಹಾನ್ಸರಿಗೆ, ಶಿಸ್ತೇ ದೊಡ್ಡದು. ಅವರು ಈ ಹಂಬಲವನ್ನು ಮೆಚ್ಚಲಿಲ್ಲ. ವರ್ಷವರ್ಷವೂ ಎಷ್ಟು ಜನ ದೀಕ್ಷಾಸ್ನಾನ ಪಡೆದರು ಎಂಬ ಲೆಕ್ಕ ಬರೆದು ಕಳುಹಿಸಬೇಕಾದ ಸಂಸ್ಥೆಯಲ್ಲಿ ಹಳಗನ್ನಡದ ತಾಳೆಗರಿ ಹಿಡಿದು ಕುಳಿತವನಿಗೆ ಬೆಲೆ ಕಡಿಮೆ. ಆ ಅಳತೆಗೋಲಿನಲ್ಲಿ ಕಿಟ್ಟೆಲ್ ಎಂದೂ ಗೆಲ್ಲಲಿಲ್ಲ. ಹೀಗಾಗಿ ಊರೂರು ತಿರುಗಿ ಸಾರುವ ಕೆಲಸಕ್ಕಿಂತ ಬರೆವಣಿಗೆ, ಮುದ್ರಣ, ಪಾಠಗಳೇ ಹೆಚ್ಚಾಗಿ ಅವರ ಪಾಲಿಗೆ ಬಂದವು. ನಮ್ಮ ಅದೃಷ್ಟ ಎನ್ನಬೇಕು.

ಮಿಶನ್ನಿನ ಶಿಸ್ತು ಮನೆಯೊಳಕ್ಕೂ ಬರುತ್ತಿತ್ತು. ಬೋಧಕನು ಅವಿವಾಹಿತನಾಗಿಯೇ ಇಲ್ಲಿಗೆ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಸಮಿತಿಯ ಅನುಮತಿ ಕೇಳಬೇಕು. ಆರಿಸಿದ ಹೆಣ್ಣನ್ನೂ ಸಮಿತಿ ಒಪ್ಪಬೇಕು. ವಧು ಕಡಲು ದಾಟಿ ಬಂದು, ಕೆಲವೊಮ್ಮೆ ಹೆಚ್ಚು ಪರಿಚಯವೂ ಇಲ್ಲದ ವರನನ್ನು ಕೈಹಿಡಿಯುತ್ತಿದ್ದಳು. ನಮ್ಮ ಹಿರಿಯರು ಮಾಡಿಸುತ್ತಿದ್ದ ಮದುವೆಗಳಿಗೂ ಇದಕ್ಕೂ ಬಹಳ ಅಂತರವಿಲ್ಲ ಎಂದು ಓದುಗರು ನಕ್ಕರೆ ತಪ್ಪಲ್ಲ. ಕಿಟ್ಟೆಲ್ಲರು 1860ರಲ್ಲಿ ಪೌಲೀನ್ ಐಟ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪೌಲೀನ್ ತೀರಿಕೊಂಡರು. 1867ರಲ್ಲಿ ಅವರ ತಂಗಿ ಯೂಲಿಯನ್ನು ಕಿಟ್ಟೆಲ್ ಮದುವೆಯಾದರು. ಅಕ್ಕ ತೀರಿಕೊಂಡ ಮನೆಗೆ ತಂಗಿ ಬಂದು ದೀಪ ಹಚ್ಚುವುದು ನಮ್ಮ ಕಡೆಯ ಮನೆಗಳಲ್ಲೂ ನಡೆಯುತ್ತಿದ್ದ ಸಂಗತಿ. ಆದ್ದರಿಂದ ಈ ಘಟನೆಯನ್ನು ನಮ್ಮ ಅಜ್ಜಿಯಂದಿರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೂ ಕಠಿಣವಾದ ರೂಢಿ ಮಕ್ಕಳದ್ದು. ಮಿಶನ್ ಕುಟುಂಬಗಳಲ್ಲಿ ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಿದ್ದಂತೆ ಅವರನ್ನು ಯುರೋಪಿಗೆ ಕಳುಹಿಸಲಾಗುತ್ತಿತ್ತು. ಅವರಿಗಾಗಿಯೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಇತ್ತು. ಆಯಾಗಳಿಂದಲೂ ನೆರೆಯ ಮಕ್ಕಳಿಂದಲೂ ಕಲಿತ ಕನ್ನಡವನ್ನೋ ತುಳುವನ್ನೋ ಆಡುತ್ತಿದ್ದ ಐದಾರು ವರ್ಷದ ಮಗು ಹಡಗು ಹತ್ತಿದರೆ, ಮತ್ತೆ ತಂದೆತಾಯಿಯ ಮುಖ ಕಾಣಲು ಎಷ್ಟೋ ವರ್ಷ ಬೇಕಾಗುತ್ತಿತ್ತು. ಈ ರೂಢಿಯನ್ನು ನಾವು ಮೆಚ್ಚಲಾರೆವು. ದೇವರ ಕೆಲಸದ ಹೆಸರಿನಲ್ಲಿ ಮಕ್ಕಳನ್ನು ತಾಯಿಯಿಂದಲೂ ಆಡುತ್ತಿದ್ದ ನುಡಿಯಿಂದಲೂ ಒಮ್ಮೆಲೇ ಕಿತ್ತ ವ್ಯವಸ್ಥೆ ಅದು. ಮಲಬಾರು ಕರಾವಳಿಯಿಂದ ಧಾರವಾಡದವರೆಗೆ ಜನರ ತಾಯ್ನುಡಿಯನ್ನು ಅಷ್ಟು ಶ್ರದ್ಧೆಯಿಂದ ಕಲಿತ ಸಂಸ್ಥೆಯೊಂದು ತನ್ನದೇ ಮಕ್ಕಳ ವಿಷಯದಲ್ಲಿ ಹೀಗೆ ನಡೆದುಕೊಂಡಿತೆಂಬುದು ವಿಚಿತ್ರ.

ಮತಾಂತರಗೊಂಡ ಇಲ್ಲಿನ ಮನೆಗಳ ಕಥೆಯೂ ಇದಕ್ಕಿಂತ ಸುಲಭವಾದುದಲ್ಲ. ಆನಂದರಾವ್ ಕೌಂಡಿನ್ಯ ಎಂಬ ಮಂಗಳೂರಿನ ಸಾರಸ್ವತ ತರುಣರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲುಗಿತು. ಬಂಧುಗಳು ಅವರನ್ನು ಕಳೆದುಕೊಂಡರು, ಅವರು ಬಂಧುಗಳನ್ನು ಕಳೆದುಕೊಂಡರು. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಅವರಷ್ಟು ಹೆಸರಿಲ್ಲದ ನೂರಾರು ಮಂದಿಗೆ ಮನೆ, ಜಾತಿ, ಕಸುಬು ಮೂರೂ ಒಂದೇ ದಿನ ಕೈತಪ್ಪುತ್ತಿದ್ದವು. ಅವರ ಹೊಟ್ಟೆಪಾಡಿಗೆಂದೇ ಮಿಶನ್ನಿನವರು ನೇಯ್ಗೆಯ ಸಾಲೆಗಳನ್ನು ತೆರೆದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಬಾಲ್ಮಠದ ನೇಯ್ಗೆ ಸಾಲೆಯಲ್ಲಿ ಖಾಕಿ ಬಣ್ಣದ ಬಟ್ಟೆ ತಯಾರಾದ ಕಥೆ ಅನೇಕರಿಗೆ ಗೊತ್ತು. ಸೋಮನೂರು, ಪಲ್ಲಡಂ ಕಡೆಯ ಮಗ್ಗದ ಸದ್ದಿನ ನಡುವೆ ಬೆಳೆದವರಿಗೆ ಒಂದು ವಿಷಯ ಥಟ್ಟನೆ ತಿಳಿಯುತ್ತದೆ: ಕಸುಬು ಎಂದರೆ ಕೂಲಿ ಮಾತ್ರವಲ್ಲ, ಒಂದು ಪದಕೋಶವೂ ಹೌದು. ಕಸುಬು ಬಿಟ್ಟವನ ಮನೆಯಿಂದ ಆ ಕಸುಬಿನ ನುಡಿಗಳೂ ಮೆಲ್ಲನೆ ಎದ್ದು ಹೋಗುತ್ತವೆ.

ಇಂಥ ಮನೆಗಳಲ್ಲಿ ಭಕ್ತಿಗೆ ಯಾವ ನುಡಿ? ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆದರೆ ಅಚ್ಚಾದ ಗ್ರಂಥವು ಮನೆಯ ಮಾತಾಗಲು ಕಾಲ ಬೇಕು. ಆರಾಧನೆಯಲ್ಲಿ ಹಾಡುತ್ತಿದ್ದ ಹಾಡುಗಳ ಪದ ಕನ್ನಡವಾದರೂ ರಾಗ ಜರ್ಮನಿಯದು. ಜೈಮಿನಿ ಭಾರತದ ಷಟ್ಪದಿಯನ್ನೂ ದಾಸರ ಪದಗಳನ್ನೂ ಶರಣರ ವಚನಗಳನ್ನೂ ಕೇಳಿ ಬೆಳೆದ ಕಿವಿಗೆ ಅದು ಪರಕೀಯ. ಇದನ್ನು ಚೆನ್ನಾಗಿ ಅರಿತವರು ಕಿಟ್ಟೆಲ್. 1862ರಲ್ಲಿ ಅವರು ಮಂಗಳೂರಿನಲ್ಲಿ ಕಥಾಮಾಲೆ ಎಂಬ ಕಾವ್ಯವನ್ನು ಪ್ರಕಟಿಸಿದರು. ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲಿ, ಈ ನೆಲದ ಛಂದಸ್ಸಿನಲ್ಲಿ ಹೇಳುವ ಕೃತಿ ಅದು. ಆಗ ಅವರಿಗೆ ಮೂವತ್ತು ವರ್ಷ. ಕನ್ನಡ ಕೇಳಿದ್ದು ಒಂಬತ್ತು ವರ್ಷ ಮಾತ್ರ. ಅದನ್ನು ಮಹಾಕಾವ್ಯವೆಂದು ಯಾರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ಜಗುಲಿಯ ಮೇಲೆ ಕುಳಿತು ರಾಗವಾಗಿ ಓದಬಹುದಾದ, ಮನೆಮಂದಿಯೆಲ್ಲ ಕೇಳಬಹುದಾದ ರೂಪವನ್ನು ಕ್ರಿಸ್ತಕಥೆಗೆ ಕೊಡಬೇಕೆಂದು ಒಬ್ಬ ಜರ್ಮನ್ ಪಾದ್ರಿಗೆ ತೋರಿತಲ್ಲ, ಅದು ದೊಡ್ಡದು. ಯಜ್ಞದ ಕಲ್ಪನೆಯನ್ನು ಹಿಡಿದು ಕ್ರಿಸ್ತನ ಬಲಿಯನ್ನು ವಿವರಿಸುವ ಇನ್ನೊಂದು ಪುಸ್ತಕವನ್ನೂ ಅವರು ಬರೆದರು. ಕೇಳುಗನಿಗೆ ಮೊದಲೇ ಗೊತ್ತಿರುವ ಮಾತಿನಿಂದ ಹೊರಟು ಗೊತ್ತಿಲ್ಲದ ಕಡೆಗೆ ಹೋಗುವುದು ಒಳ್ಳೆಯ ಉಪಾಧ್ಯಾಯನ ಕ್ರಮ, ಬಿ.ಎಡ್. ತರಗತಿಯಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು.

ಶಾಲೆಯ ಮಕ್ಕಳಿಗಾಗಿ ಅವರು ಪಂಚತಂತ್ರವನ್ನು ಅಚ್ಚು ಮಾಡಿಸಿದರು, ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ಬರೆದರು, ಕನ್ನಡ ಕಾವ್ಯಗಳಿಂದ ಆಯ್ದ ಭಾಗಗಳ ಸಂಗ್ರಹವನ್ನು ಹೊರತಂದರು. ಕೇಶಿರಾಜನ ಶಬ್ದಮಣಿದರ್ಪಣ 1872ರಲ್ಲಿಯೂ ನಾಗವರ್ಮನ ಛಂದೋಂಬುಧಿ 1875ರಲ್ಲಿಯೂ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು. ಛಂದೋಂಬುಧಿಯ ಮುನ್ನುಡಿಯಾಗಿ ಅವರು ಬರೆದ ಕನ್ನಡ ಸಾಹಿತ್ಯದ ಸಮೀಕ್ಷೆ ಆ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದು. ಜೈನ ಕವಿಗಳನ್ನೂ ವೀರಶೈವ ಪುರಾಣಗಳನ್ನೂ ದಾಸರನ್ನೂ ಕ್ರೈಸ್ತ ಪಾದ್ರಿಯೊಬ್ಬರು ಪಂಕ್ತಿಭೇದವಿಲ್ಲದೆ ಒಂದೇ ಸಾಲಿನಲ್ಲಿ ಕೂರಿಸಿ ಓದಿದರು.

ನಿಘಂಟಿನ ಮಾತಿಗೆ ಬರೋಣ. ಕಿಟ್ಟೆಲ್ ಹುಟ್ಟಿದ 1832ರಲ್ಲಿಯೇ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಗಿತ್ತು. ಅದು ಸಾಲದು ಎಂಬುದು ಕನ್ನಡ ಕಲಿಯಹೊರಟವರಿಗೆಲ್ಲ ಗೊತ್ತಿತ್ತು. ಆ ಕೆಲಸವನ್ನು ಬಾಸೆಲ್ ಮಿಶನ್ನಿನ ಪರವಾಗಿ 1870ರ ದಶಕದಲ್ಲಿ ಕಿಟ್ಟೆಲ್ ಕೈಗೆತ್ತಿಕೊಂಡರು. ಇದಕ್ಕೆ ಬೇಕಾದ ಹಳೆಯ ಕಾವ್ಯಗಳಲ್ಲಿ ಕೆಲವು ಆಗಲೇ ಅಚ್ಚಿನ ರೂಪದಲ್ಲಿ ದೊರಕುವಂತಾಗಿದ್ದುದು ಮೋಗ್ಲಿಂಗ್ ಅವರಿಂದ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಅವರು ಒಂದು ಮಾಲೆಯಾಗಿ ಮಂಗಳೂರಿನಲ್ಲಿ ಮುದ್ರಿಸಿದ್ದರು. ಅದಕ್ಕೆ ಹಣ ಕೊಟ್ಟವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅವರು ಬದುಕಿದ್ದುದು ನಮ್ಮ ಕೊಯಮತ್ತೂರಿನಿಂದ ಕಾಣುವ ನೀಲಗಿರಿಯ ಕೇತಿ ಎಂಬ ಊರಿನಲ್ಲಿ. ಅವರ ಬೆಂಬಲದಿಂದಲೇ 1846ರಲ್ಲಿ ಬಾಸೆಲ್ ಮಿಶನ್ ನೀಲಗಿರಿಯಲ್ಲಿ ಬಡಗರ ನಡುವೆ ಕೆಲಸ ಆರಂಭಿಸಿತು. ಬಡಗ ನುಡಿಗೂ ಕನ್ನಡಕ್ಕೂ ಇರುವ ಹತ್ತಿರದ ಸಂಬಂಧದಿಂದಾಗಿ ಅಲ್ಲಿನ ಮಿಶನ್ ಶಾಲೆಗಳಿಗೆ ಕನ್ನಡ ಪುಸ್ತಕಗಳು ಹೋದವು. ಕನ್ನಡದ ಹಳೆಯ ಕಾವ್ಯಗಳ ಮುದ್ರಣದಲ್ಲಿ ಈಗಿನ ತಮಿಳುನಾಡಿನ ಒಂದು ಬೆಟ್ಟದೂರಿನ ಪಾಲೂ ಇದೆ ಎಂಬುದನ್ನು ನಮ್ಮ ಮಕ್ಕಳು ಅರಿತಿರಲಿ.

1877ರಲ್ಲಿ ಆರೋಗ್ಯ ಕೆಟ್ಟು ಕಿಟ್ಟೆಲ್ ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸವನ್ನು ಅಲ್ಲಿಯೂ ಮುಂದುವರಿಸಿದರು. ಆದರೆ ಪುಸ್ತಕದಲ್ಲಿರುವ ಪದವನ್ನು ಎಲ್ಲಿ ಕುಳಿತರೂ ಬರೆದುಕೊಳ್ಳಬಹುದು. ನಾಲಗೆಯ ಮೇಲಿರುವ ಪದಕ್ಕೆ ಆಡುವವರ ಊರಿಗೇ ಬರಬೇಕು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಕಡಲು ದಾಟಿ ಬಂದರು. 1892ರವರೆಗೆ ಇಲ್ಲಿದ್ದರು. ಕಣ್ಣಿನ ತೊಂದರೆ, ತಲೆನೋವು, ಹಣದ ಕೊರತೆ ಯಾವುದೂ ಬಿಡಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. 1896ರಲ್ಲಿ ಟೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಆ ನಿಘಂಟನ್ನು ತೆರೆದು ನೋಡಿದವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಕೇಶಿರಾಜನ ಸೂತ್ರದ ಪಕ್ಕದಲ್ಲಿಯೇ ಅಡುಗೆಮನೆಯ ಗಾದೆ ಕುಳಿತಿರುತ್ತದೆ. ಒಂದು ಪದದ ಅರ್ಥಕ್ಕೆ ಬಸವಪುರಾಣವೂ ಸಾಕ್ಷಿ, ಗದ್ದೆಯಲ್ಲಿ ಆಡುವ ಮಾತೂ ಸಾಕ್ಷಿ. ದನಕರು, ಪಾತ್ರೆಪಗಡಿ, ರೋಗರುಜಿನ, ಮಕ್ಕಳ ಆಟ ಎಲ್ಲಕ್ಕೂ ಎಡೆಯಿದೆ. ಕ್ರೈಸ್ತ ಪದಗಳಿಗಷ್ಟೇ ಆದ್ಯತೆ ಕೊಟ್ಟಿದ್ದರೆ ಕೇಳುವವರಿರಲಿಲ್ಲ. ಮಿಶನ್ನಿನ ದುಡ್ಡು, ಮಿಶನ್ನಿನ ಅಚ್ಚುಕೂಟ. ಅವರು ಹಾಗೆ ಮಾಡಲಿಲ್ಲ.

ಇನ್ನು ಸೂಲೂರಿನ ಮನೆಗಳಿಗೆ ವಿಶೇಷವಾಗಿ ಬೇಕಾದ ಮಾತು. ಕಿಟ್ಟೆಲ್ಲರು ಕನ್ನಡ ಪದದ ಜೊತೆಗೆ ತಮಿಳು, ಮಲಯಾಳ, ತೆಲುಗು, ತುಳು ಭಾಷೆಗಳ ಸೋದರ ಪದಗಳನ್ನೂ ಕೊಟ್ಟಿದ್ದಾರೆ. ಮಗು ಮನೆಯಲ್ಲಿ ಹಾಲು ಎನ್ನುತ್ತದೆ, ಬೀದಿಯಲ್ಲಿ ಪಾಲ್ ಎನ್ನುತ್ತದೆ. ಹೂವು–ಪೂ, ಹುಲಿ–ಪುಲಿ, ಹಗಲು–ಪಗಲ್. ಮಗುವಿಗೆ ಇವು ಎರಡು ಬೇರೆ ಬೇರೆ ಲೋಕಗಳೆಂದು ತೋರುತ್ತದೆ. ಕೆಲವು ಮನೆಗಳಲ್ಲಿ ಹಿರಿಯರಿಗೂ ಹಾಗೆಯೇ ತೋರುತ್ತದೆ, ಮನೆಯದು ಕೆಟ್ಟ ತಮಿಳು ಎಂಬ ಕೀಳರಿಮೆಯೂ ಉಂಟು. ನಿಘಂಟು ಹೇಳುವುದು ಬೇರೆ. ಹಳಗನ್ನಡದಲ್ಲಿಯೂ ಅದು ಪಾಲೇ. ಮುಂದೆ ಪಕಾರವು ಹಕಾರವಾಯಿತು. ಹಾಗೆಯೇ ನಮ್ಮ ಬಕಾರದ ಎದುರಿಗೆ ತಮಿಳಿನ ವಕಾರ: ಬೇರು–ವೇರ್, ಬಿಲ್ಲು–ವಿಲ್, ಬೆಣ್ಣೆ–ವೆಣ್ಣೆಯ್. ನಮ್ಮ ಕಕಾರದ ಎದುರಿಗೆ ಕೆಲವೆಡೆ ಚಕಾರ: ಕಿವಿ–ಚೆವಿ, ಕೇರಿ–ಚೇರಿ. ಇದನ್ನು ಹತ್ತು ಪದಗಳಲ್ಲಿ ತೋರಿಸಿದರೆ ಹನ್ನೊಂದನೆಯದನ್ನು ಮಗು ತಾನೇ ಹೇಳುತ್ತದೆ. ತರಗತಿಯಲ್ಲಿ ಇಷ್ಟು ಬೇಗ ಫಲ ಕೊಡುವ ಪಾಠವನ್ನು ನಾವು ಬೇರೆ ಕಂಡಿಲ್ಲ.

ಅಕ್ಷರಗಳ ಸಂಗತಿ ಇನ್ನೂ ಸೊಗಸು. ತಮಿಳು ಶಾಲೆಯಲ್ಲಿ ಮಕ್ಕಳು ನಾಲಗೆ ಹಿಂದಕ್ಕೆ ಮಡಿಸಿ ಉಚ್ಚರಿಸಲು ಕಲಿಯುವ ವಿಶೇಷ ಅಕ್ಷರವೊಂದು ಕನ್ನಡದಲ್ಲಿ ಇಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ಹಿಂದೆ ಇತ್ತು. ಮಳೆಯು ಮೞೆಯಾಗಿತ್ತು, ಕೋಳಿಯು ಕೋೞಿ, ಏಳು ಎಂಬ ಸಂಖ್ಯೆ ಏೞು. ನೂರು ಎಂಬುದು ನೂಱು ಆಗಿತ್ತು, ಆರು ಎಂಬುದು ಆಱು. ಬಳಕೆಯಿಂದ ಬಿದ್ದುಹೋಗಿದ್ದ ಈ ಎರಡು ಅಕ್ಷರಗಳನ್ನು ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಕಾಪಾಡಿದ್ದಾರೆ. ಕೊಯಮತ್ತೂರಿನ ಕನ್ನಡ ಮಗು ತಮಿಳಿನ ತರಗತಿಯಲ್ಲಿ ಕಲಿಯುವ ಆ ಧ್ವನಿ ಪಂಪನ ಕನ್ನಡದ ಧ್ವನಿಯೂ ಹೌದು. ತಮಿಳನ್ನು ಚೆನ್ನಾಗಿ ಕಲಿತರೆ ಕನ್ನಡ ಹಾಳಾಗುತ್ತದೆ ಎಂದು ಹೆದರುವ ಹೆತ್ತವರಿಗೆ ನಾವು ಈ ಪುಟಗಳನ್ನು ತೋರಿಸುತ್ತೇವೆ. ಸಂಸ್ಕೃತವು ದ್ರಾವಿಡ ನುಡಿಗಳಿಂದ ಪಡೆದುಕೊಂಡಿರಬಹುದಾದ ನೂರಾರು ಪದಗಳ ಪಟ್ಟಿಯೊಂದನ್ನೂ ಕಿಟ್ಟೆಲ್ ಮುನ್ನುಡಿಯಲ್ಲಿ ಸೇರಿಸಿದ್ದಾರೆ. ಸಾಲ ಯಾವಾಗಲೂ ಒಂದೇ ಕಡೆಯಿಂದ ಬರುವುದಿಲ್ಲ ಎಂಬ ಮಾತನ್ನು ಆ ಕಾಲದಲ್ಲಿ ಹೇಳಲು ಧೈರ್ಯ ಬೇಕಿತ್ತು.

ಎಲ್ಲವನ್ನೂ ಹೊಗಳಿದರೆ ಬರೆದುದಕ್ಕೆ ಬೆಲೆಯಿಲ್ಲ. ಕಿಟ್ಟೆಲ್ ಕೊನೆಯವರೆಗೂ ಮತಪ್ರಚಾರಕರಾಗಿಯೇ ಉಳಿದವರು. ಈ ನಾಡಿನ ದೇವತೆಗಳನ್ನೂ ಆರಾಧನೆಯನ್ನೂ ಅವರು ಓದಿದ್ದು ಅವುಗಳನ್ನು ಒಪ್ಪಿಕೊಳ್ಳುವುದಕ್ಕಲ್ಲ. ಲಿಂಗಾರಾಧನೆಯ ಮೂಲವನ್ನು ಕುರಿತು 1876ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಹೊರಗಿನವನ ಕಣ್ಣೇ ಹೆಚ್ಚು. ವಚನಗಳನ್ನು ಬಲ್ಲವರಿಗೆ ಅದು ರುಚಿಸದು. ಇನ್ನೊಂದು ಮಾತು: ನಿಘಂಟಿನ ಮುಖಪುಟದಲ್ಲಿರುವುದು ಒಬ್ಬರ ಹೆಸರು. ತಾಳೆಗರಿ ಓದಿ ಅರ್ಥ ಹೇಳಿದ ಪಂಡಿತರು, ಗಾದೆ ಒದಗಿಸಿದ ಉಪಾಧ್ಯಾಯರು ಹಿಂದಿನ ಸಾಲಿನಲ್ಲಿ ಉಳಿದರು. ತನ್ನ ಮನೆಯ ಅಂಗಳದಲ್ಲಿ ಆಡಿದ ಮಾತು ಮಂಗಳೂರಿನಲ್ಲಿ ಅಚ್ಚಾಯಿತೆಂಬುದು ಎಷ್ಟೋ ಹೆಂಗಸರಿಗೆ ತಿಳಿದಿರಲೂ ಇಲ್ಲ. ಕಿಟ್ಟೆಲ್ಲರ ಪ್ರತಿಮೆಗೆ ಮಾಲೆ ಹಾಕುವ ದಿನ ಇವರನ್ನೂ ನೆನೆಯುವ ರೂಢಿ ಬಂದರೆ ಒಳ್ಳೆಯದು.

ಆದರೂ ಅವರ ಶ್ರದ್ಧೆಯ ಒಂದು ಗುಣವನ್ನು, ಯಾವ ಮತದವರಾದರೂ, ಒಪ್ಪಬೇಕು. ಜನರ ಮಾತನ್ನು ತಿದ್ದಿ ದೇವರಿಗೆ ತಕ್ಕುದನ್ನಾಗಿ ಮಾಡಲು ಅವರು ಹೊರಡಲಿಲ್ಲ. ಇದ್ದ ಹಾಗೆಯೇ ಬರೆದುಕೊಂಡರು. ಅನೇಕ ಸಭೆಗಳಲ್ಲಿ ಇಂದಿಗೂ ನಡೆಯುವುದು ಇದಕ್ಕೆ ವಿರುದ್ಧ. ಪೀಠದಲ್ಲಿ ಒಂದು ಕನ್ನಡ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಂದು. ಮದುವೆಯ ಮನೆಯಲ್ಲಿ ಅತ್ತೆ ಹಾಡುವ ಸೋಬಾನೆ ನಿಂತುಹೋಗಿ ಇಂಗ್ಲಿಷ್ ಹಾಡು ಬರುತ್ತದೆ. ಕ್ರಿಸ್‌ಮಸ್ ದಿನ ಕಜ್ಜಾಯ, ಕರ್ಜಿಕಾಯಿಗಳ ಹೆಸರು ಉಳಿಯುತ್ತದೆ, ಅವನ್ನು ಮಾಡುವ ಬಗೆಯನ್ನು ಹೇಳುವ ಮಾತು ಉಳಿಯುವುದಿಲ್ಲ. ಈ ಸೀಮೆಯ ಕ್ರೈಸ್ತರ ಇತಿಹಾಸಕ್ಕೂ ಕನ್ನಡದ ನಂಟಿದೆ. ಹದಿನೇಳನೆಯ ಶತಮಾನದಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸ್ವಿಟ್ ಗುರುಗಳು ಶ್ರೀರಂಗಪಟ್ಟಣದಲ್ಲಿ ನೆಲೆಸಿ ಮೈಸೂರು ಮಿಶನ್ ಕಟ್ಟಿದಾಗ ಸತ್ಯಮಂಗಲವೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಸೂಲೂರಿಗೆ ಸಮೀಪದ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಹಳೆಯ ದೇವಾಲಯಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಎಷ್ಟು ಮಂದಿಗೆ ಆ ಕಾಲದ ಬೋಧಕರು ಕನ್ನಡವನ್ನೂ ಕಲಿಯುತ್ತಿದ್ದರೆಂಬುದು ಗೊತ್ತು?

ಜರ್ಮನಿಗೆ ಮರಳಿದ ಮೇಲೂ ಕಿಟ್ಟೆಲ್ಲರ ಕೆಲಸ ನಿಲ್ಲಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಟೂಬಿಂಗನ್ನಿನಲ್ಲಿ ಕುಳಿತು ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಅವರು ತೀರಿಕೊಂಡರು. ಎಪ್ಪತ್ತೊಂದು ವರ್ಷದ ಬಾಳು. ಟೂಬಿಂಗನ್ನಿನಲ್ಲಿಯೇ ಮಣ್ಣು ಮಾಡಿದರು.

ನಿಘಂಟಿಗೆ ಮುಂದೆ ಇನ್ನೊಂದು ಜನ್ಮ ಬಂತು. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಹೊಸ ಪದಗಳನ್ನು ಸೇರಿಸಿ, ನಾಲ್ಕು ಸಂಪುಟಗಳಾಗಿ ಸಿದ್ಧಪಡಿಸಿದರು. 1968ರಿಂದ 1971ರವರೆಗೆ ಅದನ್ನು ಪ್ರಕಟಿಸಿದ್ದು ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ, ಮದ್ರಾಸ್ ವಿಶ್ವವಿದ್ಯಾಲಯ. ಭಟ್ಟರು ಅಲ್ಲಿನ ಕನ್ನಡ ವಿಭಾಗದಲ್ಲಿದ್ದವರು. 1894ರ ಮೂಲ ಮುದ್ರಣ ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿಯೇ ತೆರೆದು ಪಕಾರದ ಪುಟಗಳಿಗೆ ಹೋದರೆ ಪಾಲ್ ಎಂಬ ಪದವೂ ಅದರ ಸೋದರ ನುಡಿಗಳೂ ಅಲ್ಲಿ ಇವೆ.